ದಸರಾ ಹೊತ್ತಿಗೆ ವೈರಿನ ಟ್ರಂಕು ಖಾಲಿ ಆಗಬೇಕಂತೆ. ಏನು ಇಟ್ಟುಕೊಳ್ಳಲಿ, ಏನು ಎಸೆಯಲಿ?

ವೈರಿನ_ಟ್ರಂಕು
ನಮ್ಮ ಮನೆಯಲ್ಲಿ ಒಂದು ಕಬ್ಬಿಣದ ಟ್ರಂಕು ಇದೆ. ಅಜ್ಜಿಯ ಕಾಲದ್ದು. ಅಜ್ಜಿ ಅದರಲ್ಲಿ ರೇಷ್ಮೆ ಸೀರೆ ಇಡುತ್ತಿದ್ದರು, ನಾನು ವೈರು ಇಡುತ್ತೇನೆ. ಇಪ್ಪತ್ತು ವರ್ಷದ ವೈರು.

ನಿನ್ನೆ ದಸರಾ ಕ್ಲೀನಿಂಗ್ ಶುರುವಾಯಿತು. ನಮ್ಮವಳು ಕಸ ಗುಡಿಸುತ್ತಾ ಬಂದು ಟ್ರಂಕನ್ನು ಕಾಲಲ್ಲಿ ತಳ್ಳಿ ನೋಡಿದಳು. ಅಲ್ಲಾಡಲಿಲ್ಲ. "ಆಯುಧಪೂಜೆಗೆ ಇದಕ್ಕೆ ಕುಂಕುಮ ಹಚ್ಚಬೇಕಾ, ಗುಜರಿಗೆ ಹಾಕಬೇಕಾ? ಅಮಾವಾಸ್ಯೆಯೊಳಗೆ ಹೇಳಿ" ಅಂದಳು.

ನಡುಮನೆಯಲ್ಲಿ ಸುರಿದು ಎಣಿಸಿದೆ. ಹಳೇ ಮಾನಿಟರಿಗೆ ಹಾಕುವ ವಿಜಿಎ ಕೇಬಲ್ 9. ನೋಕಿಯಾ ಸಣ್ಣ ಪಿನ್ ಚಾರ್ಜರ್ 4, ದಪ್ಪ ಪಿನ್ನಿನದು 2. ಯಾವುದರದ್ದು ಅಂತ ನೆನಪಿಲ್ಲದ ಅಡಾಪ್ಟರ್ 14. ಪ್ರಿಂಟರಿನ 25 ಪಿನ್ ಕೇಬಲ್ ಒಂದು, ಪ್ರಿಂಟರ್ ಹೋಗಿ ಹದಿನೈದು ವರ್ಷ. ಹಳೇ ಹಾರ್ಡ್ ಡಿಸ್ಕಿಗೆ ಹಾಕುವ ಐಡಿಇ ರಿಬ್ಬನ್ ಕೇಬಲ್ 3. ಒಂದು ಡಬ್ಬ ಫ್ಲಾಪಿ. 40 ಜಿಬಿಯ ಒಂದು ಹಾರ್ಡ್ ಡಿಸ್ಕ್, ಒಳಗೆ ಏನಿದೆ ಅಂತ ದೇವರಿಗೇ ಗೊತ್ತು. ಮೈಕ್ರೋ ಯುಎಸ್‌ಬಿ ವೈರು ಎಣಿಸಲಿಲ್ಲ, ಶಾವಿಗೆ ಥರ ಗಂಟಾಗಿತ್ತು.

ಆಫೀಸಿನಲ್ಲಿ ನಾನು ಹುಡುಗರಿಗೆ "ಉಪಯೋಗಿಸದ ಕೋಡ್ ಇದ್ದರೆ ಮುಲಾಜಿಲ್ಲದೆ ಅಳಿಸಿ" ಅಂತ ಬುದ್ಧಿ ಹೇಳುವವನು. ಮನೆಯಲ್ಲಿ ಒಂದು ವಿಜಿಎ ಕೇಬಲ್ ಎಸೆಯಲು ಕೈ ಬರುತ್ತಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಸುಮ್ನೆ_ಓದುವವ
ವಿಜಿಎ ಒಂದು ಇಟ್ಟುಕೊಳ್ಳಿ. ಒಂಬತ್ತಲ್ಲ. ಒಂದು.

ಖಾಲಿ_ಮೇಜು
ಒಂದು ವರ್ಷ ಮುಟ್ಟಿಲ್ಲ ಅಂದರೆ ಎಸೆಯಿರಿ, ಅಷ್ಟೇ. ನಾನು ಮೂರು ಮನೆ ಬದಲಿಸಿದ ಮೇಲೆ ಕಲಿತ ಪಾಠ ಇದು. ಬೆಂಗಳೂರಿನಲ್ಲಿ ಚದರಡಿ ಲೆಕ್ಕದಲ್ಲಿ ಬಾಡಿಗೆ ಕಟ್ಟಿ ನೋಕಿಯಾ ಚಾರ್ಜರ್ ಸಾಕುತ್ತಿದ್ದೀರಿ. ನಾಳೆ ಬೇಕಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋದರೆ ಹತ್ತು ನಿಮಿಷದಲ್ಲಿ ಸಿಗುತ್ತದೆ. ನಿಮ್ಮ ಮನೆ ಯಾಕೆ ಗೋಡೌನ್ ಆಗಬೇಕು?

"ಮುಂದೆ ಬೇಕಾಗಬಹುದು" ಅನ್ನೋದು ನಮ್ಮಪ್ಪ ಅಮ್ಮಂದಿರ ಪ್ಲಾಸ್ಟಿಕ್ ಕವರಿನ ಕವರ್ ಇದೆಯಲ್ಲ, ಅದೇ ಕಾಯಿಲೆ. ನಾವು ಅದಕ್ಕೆ ಗೀಕ್ ಅಂತ ಹೆಸರಿಟ್ಟುಕೊಂಡಿದ್ದೇವೆ.

ಪೀಣ್ಯ_ಸೀರಿಯಲ್
@ಖಾಲಿ_ಮೇಜು ಎಸ್‌ಪಿ ರೋಡು ರಾತ್ರಿ ಎರಡು ಗಂಟೆಗೆ ತೆಗೆದಿರುತ್ತದಾ ಸರ್?

ನಾನು ಪೀಣ್ಯದಲ್ಲಿ ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯುವ ಸಿಎನ್‌ಸಿ ಮಷಿನ್ ಸರ್ವೀಸ್ ಮಾಡುವವನು. ಹಳೇ ಲೇತ್‌ಗಳಿಗೆ ಪ್ರೋಗ್ರಾಂ ಕಳಿಸುವುದು ಇವತ್ತಿಗೂ ಆರ್‌ಎಸ್ 232 ಅನ್ನುವ ಹಳೇ ಥರದ ಸೀರಿಯಲ್ ಪೋರ್ಟಿನಲ್ಲೇ. ಮಷಿನ್ ಚೆನ್ನಾಗಿದೆ, ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುತ್ತದೆ, ಒಂದು ಪೋರ್ಟು ಹಳೆಯದು ಅಂತ ಯಾವ ಮಾಲೀಕನೂ ಅದನ್ನು ಬದಲಿಸುವುದಿಲ್ಲ. ಆದರೆ ಹೊಸ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟೇ ಇಲ್ಲ.

ಒಂದು ರಾತ್ರಿ ಪಾಳಿಯಲ್ಲಿ ಯುಎಸ್‌ಬಿ ಕನ್ವರ್ಟರ್ ಹಾಕಿ ಪ್ರೋಗ್ರಾಂ ಕಳಿಸಿದೆ. ಅರ್ಧಕ್ಕೆ ನಿಂತಿತು. ಮತ್ತೆ ಕಳಿಸಿದೆ, ಮತ್ತೆ ಅರ್ಧಕ್ಕೆ. ಬಾಡ್ ರೇಟ್ (ಕಳಿಸುವ ವೇಗ) ಇಳಿಸಿದೆ, ಪ್ಯಾರಿಟಿ (ತಪ್ಪು ಹಿಡಿಯುವ ಸೆಟ್ಟಿಂಗ್) ನೋಡಿದೆ, ಎಲ್ಲ ಸರಿ. ಕೊನೆಗೆ ನೋಡಿದರೆ ಕನ್ವರ್ಟರಿನ ಒಳಗಿನ ಚಿಪ್ಪೇ ನಕಲಿ. ಮನೆಗೆ ಫೋನ್ ಮಾಡಿ ತಮ್ಮನನ್ನು ಎಬ್ಬಿಸಿ, ಮಂಚದ ಕೆಳಗಿನ ಡಬ್ಬದಿಂದ ಹಳೇ ಲ್ಯಾಪ್‌ಟಾಪು ಮತ್ತು 2, 3ನೇ ಪಿನ್ ಅಡ್ಡ ಹಾಕಿ ನಾನೇ ಬೆಸುಗೆ ಮಾಡಿದ್ದ ಕೇಬಲ್ ತರಿಸಿದೆ. ಒಂದೇ ಸಲಕ್ಕೆ ಹೋಯಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಡಬ್ಬ ಯಾರೂ ಮುಟ್ಟುವುದಿಲ್ಲ.

ಲಿನಕ್ಸ್_ಲಿಂಗಣ್ಣ
ನಕಲಿ ಚಿಪ್ ಅಂದಾಗ ನೆನಪಾಯಿತು. 2014ರಲ್ಲಿ ಇಂಥ ಕನ್ವರ್ಟರ್ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂತಲ್ಲ, ಅದು ನಕಲಿ ಚಿಪ್ ಸಿಕ್ಕಿದರೆ ಅದರ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿಬಿಡುತ್ತಿತ್ತು. ಆಮೇಲೆ ಕಂಪ್ಯೂಟರಿಗೆ ಆ ಸಾಧನ ಯಾವುದು ಅಂತಲೇ ತಿಳಿಯುತ್ತಿರಲಿಲ್ಲ. ದುಡ್ಡು ಕೊಟ್ಟು ಕೊಂಡವನಿಗೆ ಅದು ನಕಲಿ ಅಂತ ಹೇಗೆ ಗೊತ್ತಿರಬೇಕು? ಜನ ಬಾಯಿ ಮಾಡಿದ ಮೇಲೆ ಆ ಡ್ರೈವರ್ ವಾಪಸ್ ತೆಗೆದುಕೊಂಡರು. ಲಿನಕ್ಸ್‌ನಲ್ಲಿ ಈ ಗೋಳು ಇರಲಿಲ್ಲ ಅಂತ ಸುಮ್ನೆ ಹೇಳಿದೆ.

ಸುಮ್ನೆ_ಓದುವವ
ನಾಲ್ಕನೇ ಉತ್ತರಕ್ಕೇ ಲಿನಕ್ಸ್ ಬಂತು. ಐದು ಅಂದುಕೊಂಡಿದ್ದೆ.

ಕೀಲಿಮಣೆ_ಕಮಲಿ
ಒಂದು ತಕರಾರು ಇದೆ. ಪ್ರತಿ ಸಲವೂ ಗಂಡ ಕೂಡಿಡುತ್ತಾನೆ, ಹೆಂಡತಿ ಎಸೆಯುತ್ತಾಳೆ. ಈ ಕಥೆ ಸಾಕು ಮಾಡಿ. ನಮ್ಮ ಮನೆಯಲ್ಲಿ ಡಬ್ಬ ನನ್ನದು, ಎಸೆಯುವವರು ನಮ್ಮ ಯಜಮಾನರು.

ನನ್ನ ಟಿವಿಎಸ್ ಗೋಲ್ಡ್ ಕೀಬೋರ್ಡನ್ನು "ತುಂಬಾ ಸದ್ದು ಮಾಡುತ್ತದೆ" ಅಂತ ಅಂಗಡಿ ಇಟ್ಟಿರುವ ಮೈದುನನಿಗೆ ದಾನ ಕೊಟ್ಟುಬಿಟ್ಟಿದ್ದರು. ಅದರೊಳಗೆ ಇರುವುದು ಚೆರ್ರಿ ಎಂಎಕ್ಸ್ ಬ್ಲೂ ಸ್ವಿಚ್. ವಿದೇಶದಿಂದ ತರಿಸುವ ಮೆಕ್ಯಾನಿಕಲ್ ಕೀಬೋರ್ಡಿಗೆ ಹುಡುಗರು ಸಂಬಳ ಸುರಿಯುತ್ತಾರಲ್ಲ, ಅದೇ ಸ್ವಿಚ್ಚು ನಮ್ಮ ದಿನಸಿ ಅಂಗಡಿ ಬಿಲ್ಲಿಂಗ್ ಮೇಜಿನ ಮೇಲೆ, ಡಿಟಿಪಿ ಸೆಂಟರಿನಲ್ಲಿ ಟಕಟಕ ಅಂತ ವರ್ಷಗಟ್ಟಲೆ ದುಡಿದಿದೆ, ಯಾರೂ ತಿರುಗಿ ನೋಡಲಿಲ್ಲ. ಮೈದುನನಿಗೆ ಹೊಸ ಕೀಬೋರ್ಡ್ ಕೊಡಿಸಿ ನನ್ನದು ವಾಪಸ್ ತಂದೆ. ಕೀಗಳ ಸಂದಿಯಲ್ಲಿ ಜೀರಿಗೆ ಇತ್ತು.

ವೈರಿನ_ಟ್ರಂಕು
@ಕೀಲಿಮಣೆ_ಕಮಲಿ ತಪ್ಪಾಯಿತು ಮೇಡಂ. ನಮ್ಮವಳಿಗೆ ಇದನ್ನು ಓದಿ ಹೇಳಿದೆ, ನಿಮ್ಮ ಪರ ನಿಂತಳು. ಆದರೆ ಟ್ರಂಕಿನಲ್ಲಿ ಸಿಕ್ಕ ಐಪಾಡಿನ 30 ಪಿನ್ ಕೇಬಲ್ ಅವಳದ್ದೇ. ಅದನ್ನು ನಾನು ಎಸೆಯಲು ಎತ್ತಿದ ತಕ್ಷಣ "ಅದು ಇರಲಿ" ಅಂದಳು. ಐಪಾಡ್ ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿಲ್ಲ.

ಹಳೇ_ಹ್ಯಾಂಡ್‌ಸೆಟ್
ನೋಕಿಯಾ ಸಣ್ಣ ಪಿನ್ ಚಾರ್ಜರ್ ಬಿಸಾಡಬೇಡಿ, 1100 ಫೋನಿಗೆ ಆಗುತ್ತದೆ. ಟಾರ್ಚ್ ಇರುವ ಫೋನು, ಇವತ್ತಿಗೂ ಅದರಂಥದ್ದು ಬಂದಿಲ್ಲ.

ಮೊಬೈಲ್_ರಿಪೇರಿ_ಮಂಜ
ತಪ್ಪು ಗುರು. 1100ಗೆ ದಪ್ಪ ಪಿನ್, 3.5 ಎಂಎಂ. ಸಣ್ಣ ಪಿನ್ 2 ಎಂಎಂ, ಅದು ಆಮೇಲೆ ಬಂದದ್ದು. 2003ರಲ್ಲಿ ಬಂದ ಆ ಫೋನು ಜಗತ್ತಿನಲ್ಲಿ 25 ಕೋಟಿ ಮಾರಾಟವಾಗಿದೆ, ಅದರ ಪಿನ್ನು ಮರೆತರೆ ಹೇಗೆ?

ಹಳೇ_ಹ್ಯಾಂಡ್‌ಸೆಟ್
ಹೌದು, ಈಗ ತೆಗೆದು ನೋಡಿದೆ. ದಪ್ಪ. ತಲೆ ಬಾಗಿದೆ.

ಮಲೆನಾಡ_ಮೋಡೆಮ್
ಆ 14 ಅಡಾಪ್ಟರ್ ಮಾತ್ರ ದಯವಿಟ್ಟು ಎಸೆಯಬೇಡಿ ಮಾರಾಯ್ರೆ.

ನಮ್ಮದು ತೀರ್ಥಹಳ್ಳಿ ಕಡೆ. ಇಲ್ಲಿ ಮೊದಲ ಮಳೆ ಬರುವುದೇ ಗುಡುಗು ಸಿಡಿಲಿನ ಜೊತೆ. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾದ ಮೇಲೆ ಊರಿಗೆಲ್ಲ ಬಂತು, ಅದರ ಹಿಂದೆಯೇ ಒಂದು ಹೊಸ ಸೀಸನ್ನೂ ಬಂತು. ಏಪ್ರಿಲ್, ಮೇ ಅಂದರೆ ಮೋಡೆಮ್ ಸಾಯುವ ಕಾಲ. ತೋಟದ ಮೇಲೆ ಎರಡು ಕಿಲೋಮೀಟರ್ ಎಳೆದ ಟೆಲಿಫೋನ್ ತಂತಿ ಅಂದರೆ ಸಿಡಿಲಿಗೆ ಹಾಸಿದ ರತ್ನಗಂಬಳಿ. ಕರೆಂಟಿನ ಪ್ಲಗ್ ಕಿತ್ತರೆ ಸಾಲದು, ಫೋನಿನ ತಂತಿಯನ್ನೂ ಕೀಳಬೇಕು. ಅಮ್ಮ ಮೋಡ ಕಪ್ಪಾದರೆ ಸಾಕು, ಮೊದಲು ಮೋಡೆಮ್ಮಿನ ತಂತಿ ಕಿತ್ತು ಆಮೇಲೆ ಅಂಗಳದ ಅಡಿಕೆ ಒಳಗೆ ತರಲು ಓಡುತ್ತಿದ್ದರು. ಆದರೂ ಒಂದು ವರ್ಷ ಮೂರು ಮೋಡೆಮ್ ಹೋದವು.

ಈಗ ಫೈಬರ್ ಬಂದಿದೆ, ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ. ಆದರೆ ಕರೆಂಟ್ ಕಡೆಯಿಂದ ಅಡಾಪ್ಟರ್ ಈಗಲೂ ಸುಡುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಾರಿ ಬಂದ್ ಆದಾಗ 12 ವೋಲ್ಟಿನ ಅಡಾಪ್ಟರ್ ಎಲ್ಲಿಂದ ತರುತ್ತೀರಿ?

ಇಟ್ಟುಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಅಡಾಪ್ಟರಿನ ಬೆನ್ನಿನ ಮೇಲಿರುವುದನ್ನು ಓದಿ, ಬಿಳಿ ಟೇಪಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ವೋಲ್ಟ್ ಅಷ್ಟಕ್ಕಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಇರಲಿ, ಜಾಸ್ತಿ ಇದ್ದರೂ ಪರವಾಗಿಲ್ಲ, ಸಾಧನ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಕಡಿಮೆ ಆಗಬಾರದು. ಪಿನ್ನಿನ ನಡುಭಾಗ ಪ್ಲಸ್ಸಾ ಮೈನಸ್ಸಾ ಅಂತ ತೋರಿಸುವ ಸಣ್ಣ ಚಿತ್ರ ಇರುತ್ತದೆ, ಅದನ್ನೂ ನೋಡಿ. ಇನ್ನೊಂದು ಕೀಟಲೆ ಏನೆಂದರೆ ಹೊರಗಿನಿಂದ ಎಲ್ಲ 5.5 ಎಂಎಂ ಪಿನ್ನೂ ಒಂದೇ ಥರ ಕಾಣುತ್ತವೆ, ಒಳಗಿನ ತೂತು ಮಾತ್ರ ಒಂದರಲ್ಲಿ 2.1, ಇನ್ನೊಂದರಲ್ಲಿ 2.5. ಹಾಕಿದರೆ ಕೂರುತ್ತದೆ, ಅಲ್ಲಾಡಿದರೆ ರೂಟರ್ ಆಫ್. ನೀವು ಇಂಟರ್ನೆಟ್ ಕಂಪನಿಗೆ ಬೈಯುತ್ತಾ ಕೂತಿರುತ್ತೀರಿ.

ಗೋಳಗುಮ್ಮಟ_ಗೀಕ್
ಅಣ್ಣಾರ, ನಾನು 19 ವೋಲ್ಟಿನ ಲ್ಯಾಪ್‌ಟಾಪ್ ಅಡಾಪ್ಟರ್ ರೂಟರಿಗೆ ಹಾಕಿ ನೋಡೀನ್ರಿ. ಛಲೋ ಕುಂತಿತ್ತು. ಆಮ್ಯಾಲ ಹೊಗಿ ಬಂತು.

ಮಲೆನಾಡ_ಮೋಡೆಮ್
ಹಹ್ಹಾ. ಅದಕ್ಕೇ ಬಿಳಿ ಟೇಪು.

ಸಿ_ಟೈಪ್_ಸಿದ್ದ
ನೀವೆಲ್ಲ ಯಾವ ಕಾಲದಲ್ಲಿದ್ದೀರಿ? ಈಗ ಎಲ್ಲ ಸಿ ಟೈಪ್. ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನ್, ಟ್ಯಾಬ್ಲೆಟ್, ಕ್ಯಾಮೆರಾ ಎಲ್ಲಕ್ಕೂ ಕಡ್ಡಾಯ. ಐಫೋನೇ 2023ರಲ್ಲಿ ಬದಲಾಯಿತು. ಒಂದು ಚಾರ್ಜರ್, ಒಂದು ವೈರು, ಮುಗಿಯಿತು. ಇನ್ನು ಹತ್ತು ವರ್ಷಕ್ಕೆ ಯಾರ ಮನೆಯಲ್ಲೂ ಟ್ರಂಕು ಇರುವುದಿಲ್ಲ.

ಲಿನಕ್ಸ್_ಲಿಂಗಣ್ಣ
@ಸಿ_ಟೈಪ್_ಸಿದ್ದ ಒಂದೇ ವೈರಾ? ನನ್ನ ಮೇಜಿನ ಮೇಲೆ ಈಗ ನೋಡಲು ಒಂದೇ ಥರ ಇರುವ ಐದು ಸಿ ಟೈಪ್ ವೈರು ಇವೆ. ಒಂದರಲ್ಲಿ ಬರೀ ಚಾರ್ಜ್ ಆಗುತ್ತದೆ, ಡೇಟಾ ಹೋಗುವುದಿಲ್ಲ. ಒಂದು 60 ವ್ಯಾಟ್‌ವರೆಗೆ ಮಾತ್ರ. 3 ಆಂಪಿಯರ್ ದಾಟಬೇಕಾದರೆ ವೈರಿನೊಳಗೇ ಗುರುತಿನ ಚಿಪ್ ಇರಬೇಕು, ಅದು ಒಂದರಲ್ಲಿ ಇದೆ. ಇನ್ನೊಂದರಲ್ಲಿ ಮಾನಿಟರ್ ಬರುತ್ತದೆ. ಐದನೆಯದು ಏನು ಮಾಡುತ್ತದೆ ಅಂತ ನನಗೂ ಗೊತ್ತಿಲ್ಲ. ಮೊದಲು ಪೋರ್ಟಿನ ಆಕಾರ ನೋಡಿದರೆ ವೈರು ಯಾವುದು ಅಂತ ಗೊತ್ತಾಗುತ್ತಿತ್ತು. ಈಗ ಎಲ್ಲರಿಗೂ ಯೂನಿಫಾರಂ ಹಾಕಿಸಿ ಹಾಜರಿ ಕರೆದ ಹಾಗೆ ಆಗಿದೆ.

ಗೂಗಲ್‌ನ ಬೆನ್ಸನ್ ಲ್ಯೂಂಗ್ ಅನ್ನುವ ಎಂಜಿನಿಯರ್ 2015ರಿಂದ ಆನ್‌ಲೈನ್‌ನಲ್ಲಿ ಮಾರುವ ಸಿ ಟೈಪ್ ವೈರುಗಳನ್ನು ಒಂದೊಂದಾಗಿ ಪರೀಕ್ಷೆ ಮಾಡುತ್ತಿದ್ದರು. 2016ರಲ್ಲಿ ಒಂದು ಕೆಟ್ಟ ವೈರಿಗೆ ಅವರ ಲ್ಯಾಪ್‌ಟಾಪೇ ಬಲಿಯಾಯಿತು. ಹಳೇ ಯುಎಸ್‌ಬಿಯಿಂದ ಸಿ ಟೈಪಿಗೆ ಹೋಗುವ ವೈರಿನಲ್ಲಿ 56 ಕಿಲೋ ಓಮ್ ರೆಸಿಸ್ಟರ್ ಇರಬೇಕು, ಅಗ್ಗದ ವೈರಿನವರು 10 ಹಾಕಿ ಮಾರುತ್ತಿದ್ದರು. ಹಾಗೆ ಮಾಡಿದರೆ ಫೋನು ಚಾರ್ಜರಿನ ಶಕ್ತಿ ಮೀರಿ ಎಳೆಯುತ್ತದೆ.

ಸಿ_ಟೈಪ್_ಸಿದ್ದ
ಒಳ್ಳೇ ವೈರು ಕೊಳ್ಳಿ ಅಷ್ಟೇ. ಹಳೆಯದಕ್ಕೆ ಜೋತುಬೀಳಲು ಒಂದು ನೆಪ ಬೇಕು ನಿಮಗೆ.

ಲಿನಕ್ಸ್_ಲಿಂಗಣ್ಣ
ಒಳ್ಳೆಯದು ಯಾವುದು ಅಂತ ವೈರಿನ ಮೇಲೆ ಬರೆದಿರುತ್ತದಾ?

ಸಿ_ಟೈಪ್_ಸಿದ್ದ
ಬಿಳಿ ಟೇಪ್ ಅಂಟಿಸಿ :)

ದಾವಣಗೆರೆ_ದೋಸೆ
ಟ್ರಂಕಿನಲ್ಲಿ ಬಟನ್ ಸೆಲ್ ಇದ್ದರೆ ಇಟ್ಟುಕೊಳ್ಳಿ. ಸಿಆರ್2032. ನಮ್ಮ ಮಾವನ ಅಂಗಡಿಯ ಕಂಪ್ಯೂಟರಿನಲ್ಲಿ ಯಾವ ವೆಬ್‌ಸೈಟೂ ತೆರೆಯುತ್ತಿಲ್ಲ ಅಂತ ಫೋನು. ವೈರಸ್ ಅಂತ ಯಾರೋ ಹೇಳಿ ಫಾರ್ಮ್ಯಾಟ್ ಮಾಡಿಸಲು ಹೊರಟಿದ್ದರು. ಹೋಗಿ ನೋಡಿದರೆ ಮೂಲೆಯಲ್ಲಿ ತಾರೀಖು 2009. ಬೋರ್ಡಿನ ಸೆಲ್ ಸತ್ತು ಗಡಿಯಾರ ಹಿಂದೆ ಹೋಗಿತ್ತು. ವೆಬ್‌ಸೈಟಿನ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ ಅಂತ ಬ್ರೌಸರ್ ಬಾಗಿಲು ತೆಗೆಯುತ್ತಿರಲಿಲ್ಲ. ಸೆಲ್ ಹಾಕಿದೆ, ತಾರೀಖು ಸರಿ ಮಾಡಿದೆ. ಮಾವನಿಗೆ ನಾನು ದೊಡ್ಡ ಎಂಜಿನಿಯರ್ ಅನಿಸಿದ್ದು ಅವತ್ತೇ. ಹದಿನೈದು ವರ್ಷ ಕೋಡ್ ಬರೆದದ್ದು ಲೆಕ್ಕಕ್ಕಿಲ್ಲ.

ಕೀಲಿಮಣೆ_ಕಮಲಿ
ಕುಂಕುಮದ ಮಾತು ಬಂತಲ್ಲ, ಒಂದು ವಿನಂತಿ. ಆಯುಧಪೂಜೆ ದಿನ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚುವವರು ದಯವಿಟ್ಟು ಮುಚ್ಚಳದ ಮೇಲೆ ಹಚ್ಚಿ. ಹೋದ ವರ್ಷ ನಮ್ಮ ಆಫೀಸಿನ ಸರ್ವರ್ ರೂಮಿನಲ್ಲಿ ಯಾರೋ ಭಕ್ತಿಯಿಂದ ಫ್ಯಾನಿನ ಜಾಲರಿಗೇ ಹಚ್ಚಿದ್ದರು. ಮಾರನೇ ದಿನ ಒಳಗೆಲ್ಲ ಕೆಂಪು ಧೂಳು. ಬೂದುಗುಂಬಳಕಾಯಿ ಒಡೆಯುವುದು ಗೇಟಿನ ಹತ್ತಿರ ಇರಲಿ, ಸರ್ವರ್ ರೂಮಿನ ಬಾಗಿಲಲ್ಲಿ ಬೇಡ.

ಪೀಣ್ಯ_ಸೀರಿಯಲ್
ನಮ್ಮಲ್ಲಿ ಮಷಿನ್ನಿಗೆ ವಿಭೂತಿ, ಕುಂಕುಮ, ಬಾಳೆಕಂದು, ಚೆಂಡುಹೂವು ಎಲ್ಲ ಇರುತ್ತದೆ ಮೇಡಂ. ಒಂದು ದಿನ ಮಷಿನ್ ನಿಲ್ಲಿಸಿ ಒರೆಸುವುದು ವರ್ಷದಲ್ಲಿ ಅದೊಂದೇ ದಿನ. ನನ್ನ ಕೇಳಿದರೆ ಅದೇ ನಿಜವಾದ ಮೆಂಟೆನೆನ್ಸ್.

ಒಸಾಕಾ_ಕನ್ನಡಿಗ
ಇಲ್ಲಿ ಜಪಾನಿನಲ್ಲಿ ಹಾರ್ಡ್ ಆಫ್ ಅಂತ ಹಳೇ ಸಾಮಾನಿನ ಅಂಗಡಿಗಳಿವೆ, ಊರೂರಲ್ಲೂ. ಒಳಗೆ ಜಂಕ್ ಅಂತಲೇ ಬೋರ್ಡ್ ಹಾಕಿದ ಒಂದು ಮೂಲೆ. ಬುಟ್ಟಿಗಳಲ್ಲಿ ವೈರು, ರಿಮೋಟು, ಅಡಾಪ್ಟರು. ಕೆಲಸ ಮಾಡುವ ಗ್ಯಾರಂಟಿ ಇಲ್ಲ, ವಾಪಸ್ ಇಲ್ಲ. ಭಾನುವಾರ ವಯಸ್ಸಾದವರು ಕನ್ನಡಕ ಏರಿಸಿಕೊಂಡು ಬುಟ್ಟಿ ಕೆದಕುತ್ತಾ ಇರುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಊರಿನ ಸಂಡೇ ಬಜಾರ್ ನೆನಪಾಗಿ ಗಂಟಲು ಕಟ್ಟಿತು. ನಮ್ಮ ಟ್ರಂಕು ಅವರಿಗೆ ಅಂಗಡಿ, ಅಷ್ಟೇ ವ್ಯತ್ಯಾಸ.

ಖಾಲಿ_ಮೇಜು
@ಒಸಾಕಾ_ಕನ್ನಡಿಗ ಅದನ್ನೇ ನಾನೂ ಹೇಳುತ್ತಿರುವುದು! ನಿಮ್ಮಲ್ಲಿ ವೈರು ಅಂಗಡಿಗೆ ಹೋಗುತ್ತದೆ, ಬೇಕಾದವನಿಗೆ ಸಿಗುತ್ತದೆ. ನಮ್ಮಲ್ಲಿ ಟ್ರಂಕಿನಲ್ಲಿ ಕೊಳೆಯುತ್ತದೆ.

ಒಣಕಸ_ಒಡೆಯ
ಎಸೆಯುವುದೇ ಆದರೆ ಗುಜರಿಯವನಿಗೆ ಕೊಡುವ ಮುಂಚೆ ಯೋಚಿಸಿ. ಎಷ್ಟೋ ಕಡೆ ತಾಮ್ರಕ್ಕೋಸ್ಕರ ವೈರಿನ ರಾಶಿಗೆ ಬೆಂಕಿ ಹಚ್ಚುತ್ತಾರೆ. ಪಿವಿಸಿ ಸುಟ್ಟ ಹೊಗೆ ಒಳ್ಳೆಯದಲ್ಲ, ಅದನ್ನು ಕುಡಿಯುವುದು ಆ ಗುಜರಿ ಹುಡುಗರೇ. 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮ ಇದೆ, ತಯಾರಕರೇ ಮರುಬಳಕೆಯ ಹೊಣೆ ಹೊರಬೇಕು. ನೋಂದಾಯಿತ ಮರುಬಳಕೆದಾರರು ಇದ್ದಾರೆ, ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಮನೆಯವರು ಸೇರಿಸಿ ಕೊಟ್ಟರೆ ಬಂದು ಒಯ್ಯುತ್ತಾರೆ.

ಟ್ರಂಕಿನಲ್ಲಿ ಹಳೇ ಫೋನ್ ಬ್ಯಾಟರಿ ಇದೆಯಾ? ಇದ್ದರೆ ಇವತ್ತೇ ಹೊರಗೆ ತೆಗೆಯಿರಿ. ಉಬ್ಬಿದ್ದರೆ ಚುಚ್ಚಬೇಡಿ, ಒತ್ತಬೇಡಿ. ವೈರಿನ ರಾಶಿಯ ಮಧ್ಯೆ ಲಿಥಿಯಂ ಬ್ಯಾಟರಿ ಇಟ್ಟುಕೊಂಡು ನೆಮ್ಮದಿಯಾಗಿ ಮಲಗಬೇಡಿ.

ವೈರಿನ_ಟ್ರಂಕು
ಎರಡು ಇತ್ತು. ಒಂದು ಇಡ್ಲಿ ಥರ ಉಬ್ಬಿತ್ತು. ಬಾಲ್ಕನಿಯಲ್ಲಿ ಮಣ್ಣಿನ ಕುಂಡದಲ್ಲಿಟ್ಟಿದ್ದೇನೆ, ನಾಳೆ ಕೊಟ್ಟು ಬರುತ್ತೇನೆ. ಧನ್ಯವಾದ, ಇದು ನಿಜವಾಗಿ ಭಯ ಆಯಿತು.

ಆ 40 ಜಿಬಿ ಹಾರ್ಡ್ ಡಿಸ್ಕ್ ತೆರೆಯುವುದು ಹೇಗೆ ಅಂತ ಯಾರಾದರೂ ಹೇಳಿ. ಭಾವ ಫ್ರೀಜರಿನಲ್ಲಿ ಒಂದು ರಾತ್ರಿ ಇಡಲು ಹೇಳುತ್ತಿದ್ದಾರೆ.

ಲಿನಕ್ಸ್_ಲಿಂಗಣ್ಣ
ಫ್ರೀಜರಿನಲ್ಲಿ ಐಸ್‌ಕ್ರೀಮ್ ಇಡಿ. ಹೊರಗೆ ತೆಗೆದಾಗ ಒಳಗೆ ನೀರಿನ ಹನಿ ಕಟ್ಟಿದರೆ ಇದ್ದ ಆಸೆಯೂ ಹೋಗುತ್ತದೆ.

ಐಡಿಇಯಿಂದ ಯುಎಸ್‌ಬಿಗೆ ಅಡಾಪ್ಟರ್ ಸಿಗುತ್ತದೆ. 3.5 ಇಂಚಿನ ಡಿಸ್ಕ್ ಆದರೆ ಯುಎಸ್‌ಬಿಯ 5 ವೋಲ್ಟ್ ಸಾಲದು, ಮೋಟಾರಿಗೆ 12 ವೋಲ್ಟ್ ಬೇಕು. ಅಡಾಪ್ಟರ್ ಜೊತೆ ಪವರ್ ಬ್ಲಾಕ್ ಬರುವಂಥದ್ದೇ ತಗೊಳ್ಳಿ. ಡಿಸ್ಕಿನ ಬೆನ್ನಲ್ಲಿ ಪಿನ್ನುಗಳಿಗೆ ಟೋಪಿ ಹಾಕಿದ ಹಾಗೆ ಒಂದು ಸಣ್ಣ ಜಂಪರ್ ಇರುತ್ತದೆ, ಅದನ್ನು 'ಮಾಸ್ಟರ್' ಜಾಗದಲ್ಲಿ ಹಾಕಿ. ಆನ್ ಮಾಡಿದಾಗ ಒಂದೇ ಸಮ ತಿರುಗುವ ಸದ್ದು ಬಂದರೆ ಒಳ್ಳೆಯದು. ಟಿಕ್ ಟಿಕ್ ಅಂತ ಬಡಿದುಕೊಂಡರೆ ಆಫ್ ಮಾಡಿ ಕೈ ಮುಗಿಯಿರಿ. ಓದಲು ಬಂದರೆ ಮೊದಲು ಇಡೀ ಡಿಸ್ಕ್ ನಕಲು ಮಾಡಿಕೊಳ್ಳಿ, ಫೈಲು ಆಮೇಲೆ ಹುಡುಕಿ.

ಡಿಟಿಪಿ_ದಾಸ
ಹಳೇ ಡಿಸ್ಕಿನಲ್ಲಿ ಕನ್ನಡದ ಫೈಲ್ ಇದ್ದರೆ ಗಾಬರಿ ಬೀಳಬೇಡಿ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಟೋಪಿ, ಚುಕ್ಕಿ ಇಟ್ಟ ಹಾಗೆ ಕಾಣುತ್ತದೆ. ಕೆಟ್ಟಿಲ್ಲ. ಹಳೇ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಇಟ್ಟಿದ್ದವು. ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ. ಈಗ ಎಲ್ಲ ಕಡೆ ಬಳಸುವ ಯುನಿಕೋಡಿಗೆ ಬದಲಿಸುವ ತಂತ್ರಾಂಶಗಳು ಇವೆ.

ಅರ್ಕಾವತ್ತು ಮಾತ್ರ ಕಣ್ಣಿಟ್ಟು ನೋಡಿ. ಹಳೇ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಕೂತಿರುತ್ತದೆ, ಯುನಿಕೋಡಿನಲ್ಲಿ 'ರ್' ಮೊದಲೇ ಬರಬೇಕು. ಬೇಜವಾಬ್ದಾರಿ ಕನ್ವರ್ಟರ್ ಸಿಕ್ಕಿದರೆ 'ಸೂರ್ಯ' ಹೋಗಿ 'ಸೂಯರ್' ಆಗುತ್ತದೆ, 'ಕರ್ನಾಟಕ' ಹೋಗಿ 'ಕನಾರ್ಟಕ'. ಎಷ್ಟೋ ವೆಬ್‌ಸೈಟುಗಳಲ್ಲಿ ಇವತ್ತಿಗೂ ಕನಾರ್ಟಕವೇ ಇದೆ, ನೋಡಿದಾಗಲೆಲ್ಲ ಕೈ ತುರಿಸುತ್ತದೆ.

ವೈರಿನ_ಟ್ರಂಕು
ಐದು ದಿನ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಡಿಸ್ಕ್ ತಿರುಗಿತು! ಮಗಳು ಹುಟ್ಟಿದಾಗಿನ ಫೋಟೋ ಇರಬಹುದು ಅಂತ ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದೆವು. ಸಿಕ್ಕಿದ್ದು ನನ್ನ ರೆಸ್ಯೂಮೆಯ 23 ಪ್ರತಿ, 'ಫೈನಲ್', 'ಫೈನಲ್ ಹೊಸದು', 'ಇದೇ ಫೈನಲ್'. ಒಂದಷ್ಟು ವಾಲ್‌ಪೇಪರ್. ಮತ್ತೆ ಒಂದೇ ಒಂದು ನುಡಿ ಫೈಲ್. ಬದಲಿಸಿ ನೋಡಿದರೆ ಅಪ್ಪ ಬರೆದ ಅರ್ಜಿ, ನಮ್ಮ ಬೀದಿಯ ಮೂರನೇ ಕಂಬದ ದೀಪ ಉರಿಯುತ್ತಿಲ್ಲ ಅಂತ. 2006ರದ್ದು. ಅಪ್ಪನಿಗೆ ಓದಿ ಹೇಳಿದೆ. "ಪ್ರಿಂಟ್ ತೆಗಿ, ತಾರೀಖು ಬದಲಾಯಿಸು, ಈಗಲೂ ಉರಿಯುತ್ತಿಲ್ಲ" ಅಂದರು.

ಅಡಾಪ್ಟರಿಗೆಲ್ಲ ಬಿಳಿ ಟೇಪ್ ಅಂಟಿಸಿದ್ದೇನೆ. ಮೈಕ್ರೋ ಯುಎಸ್‌ಬಿ ಮೂರು ಬಿಟ್ಟು ಉಳಿದದ್ದು ಇ-ತ್ಯಾಜ್ಯಕ್ಕೆ. ವಿಜಿಎ ಒಂದು ಇಟ್ಟುಕೊಂಡು ಎಂಟು ಕೊಡುವ ಚೀಲಕ್ಕೆ ಹಾಕಿದೆ. ಉಳಿದದ್ದೆಲ್ಲ ಎರಡು ಬಿಸ್ಕತ್ತು ಡಬ್ಬದಲ್ಲಿ ಹಿಡಿಯಿತು. ಟ್ರಂಕು ಖಾಲಿ.

ನಮ್ಮವಳಿಗೆ ಟ್ರಂಕು ಯಾಕೆ ಬೇಕಿತ್ತು ಅಂತ ಈಗ ಗೊತ್ತಾಯಿತು. ಗೊಂಬೆ ಕೂರಿಸಲು ಕೆಳಗಿನ ಮೆಟ್ಟಿಲು. ಮೇಲೆ ಹಲಗೆ ಹಾಕಿ, ಬಿಳಿ ಪಂಚೆ ಹೊದಿಸಿ, ಪಟ್ಟದ ಗೊಂಬೆ ಇಟ್ಟು ನೋಡಿದಳು. ಅಲ್ಲಾಡಿತು. ಖಾಲಿ ಟ್ರಂಕು ಹಗುರ ಅಲ್ವಾ? "ಒಳಗೆ ಏನಾದರೂ ಭಾರ ಹಾಕಿ" ಅಂದಳು.

ಆ ಎಂಟು ವಿಜಿಎ ಕೇಬಲ್ ವಾಪಸ್ ಒಳಗೆ ಹೋದವು.

ಪೀಣ್ಯ_ಸೀರಿಯಲ್
ಖಾಲಿ_ಮೇಜು ಸರ್ ಇದ್ದೀರಾ?

ಖಾಲಿ_ಮೇಜು
ಇದ್ದೇನೆ. ಇಟ್ಟಿಗೆ ಹಾಕಬಹುದಿತ್ತು.

ಗೋಳಗುಮ್ಮಟ_ಗೀಕ್
ಟ್ರಂಕಣ್ಣಾ, ಆ 14ರಾಗ 12 ವೋಲ್ಟ್, 1 ಆಂಪಿಯರ್ ಅಡಾಪ್ಟರ್ ಐತೇನ್ರಿ? ಹೊಸ ರೂಟರ್ ತಂದೀನಿ.

ವೈರಿನ_ಟ್ರಂಕು
ಮೂರು ಇದೆ. ವಿಳಾಸ ಖಾಸಗಿ ಸಂದೇಶದಲ್ಲಿ ಕಳಿಸಿ. ಟೇಪ್ ಓದಿ ಹಾಕಿ ಮತ್ತೆ!